ಡ್ರ್ಯಾಗ್ ಕಾರಿನ ಕ್ರೌನ್-ಪಿನಿಯನ್: ಮುಕ್ತಾಯದ ಗೆರೆಯಿಂದ ಹಿಂದಕ್ಕೆ ಹಾಕುವ ಲೆಕ್ಕ

ನಿಂತಲ್ಲಿಂದ ಹೊರಟು ನೇರ ಹಾದಿಯಲ್ಲಿ ಓಡುವ ಡ್ರ್ಯಾಗ್ ಕಾರಿನಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇದ್ದರೆ, ಅದರ ಹಿಂದಿನ ಆಕ್ಸಲ್‌ನ ಅನುಪಾತವನ್ನು (ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನಿಂದ ಬರುವ ದಂಡ ಎಷ್ಟು ಸುತ್ತು ತಿರುಗಬೇಕು ಎಂಬುದನ್ನು) ಆರಿಸುವವರು ಮುಕ್ತಾಯದ ಗೆರೆಯಿಂದ ಲೆಕ್ಕ ಆರಂಭಿಸಿ ಹಿಂದಕ್ಕೆ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಉದಾಹರಣೆಗೆ ನಮ್ಮ ಗ್ಯಾರೇಜಿನ ಹಳೆಯ ಶೆವ್ರೊಲೆ ನೋವಾ ಕಾರನ್ನು ತೆಗೆದುಕೊಳ್ಳೋಣ. ಸ್ಮಾಲ್ ಬ್ಲಾಕ್ ಎಂಜಿನ್, ಮೂರು ಗೇರುಗಳ ಟರ್ಬೊ 350 ಗೇರ್‌ಬಾಕ್ಸ್, ಫೋರ್ಡ್‌ನ 9 ಇಂಚಿನ ಆಕ್ಸಲ್, 28 ಇಂಚು ವ್ಯಾಸದ ಸ್ಲಿಕ್ (ಗೀರುಗಳಿಲ್ಲದ ನುಣುಪು) ಟೈರುಗಳು. ಆಕ್ಸಲ್‌ನೊಳಗೆ ಸದ್ಯಕ್ಕೆ 3.70 ಅನುಪಾತದ ಕ್ರೌನ್-ಪಿನಿಯನ್, ಎಂದರೆ ಆ ಅನುಪಾತವನ್ನು ನಿರ್ಧರಿಸುವ ಹಲ್ಲಿನ ಚಕ್ರಗಳ ಜೋಡಿ, ಇದೆ. ಕಾಲು ಮೈಲಿಯ ಕೊನೆಯಲ್ಲಿ ಕಾರು ಗಂಟೆಗೆ 120 ಮೈಲಿ ವೇಗದಲ್ಲಿರುತ್ತದೆ; ಎಂಜಿನ್ನಿನ ಗರಿಷ್ಠ ಶಕ್ತಿ ಸಿಗುವುದು 6,200 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತುಗಳಲ್ಲಿ).

ವೇಗವನ್ನು ಆಕ್ಸಲ್ ಅನುಪಾತದಿಂದ ಗುಣಿಸಿ, ಬಂದದ್ದನ್ನು 336ರಿಂದ ಗುಣಿಸಿ, ಟೈರಿನ ವ್ಯಾಸದಿಂದ ಭಾಗಿಸಿದರೆ ಟಾಪ್ ಗೇರಿನಲ್ಲಿ ಎಂಜಿನ್ನಿನ ಆರ್‌ಪಿಎಂ ದೊರೆಯುತ್ತದೆ. ಒಂದು ಮೈಲಿಯ 63,360 ಇಂಚುಗಳನ್ನು 60 ನಿಮಿಷಗಳಿಂದಲೂ ಪೈ ಬೆಲೆಯಿಂದಲೂ ಭಾಗಿಸಿದಾಗ ಉಳಿಯುವುದೇ ಈ 336. ನಮ್ಮ ಕಾರಿಗೆ ಅದು 5,328 ಎಂದು ಬರುತ್ತದೆ. ಆದರೆ ಎಂಜಿನ್ನಿನ ಬಲವನ್ನು ದ್ರವದ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಟಾಪ್ ಗೇರಿನಲ್ಲಿಯೂ ಸ್ವಲ್ಪ ಜಾರುತ್ತಲೇ ಇರುವುದರಿಂದ ಶೇಕಡಾ 5ರಷ್ಟನ್ನು ಸೇರಿಸಿ ಸುಮಾರು 5,600 ಎಂದು ಹಿಡಿಯಬೇಕು. ಎಂದರೆ ಎಂಜಿನ್ ತನ್ನ ಗರಿಷ್ಠ ಶಕ್ತಿಯನ್ನು ಮುಟ್ಟುವ ಮೊದಲೇ ಓಟ ಮುಗಿದಿರುತ್ತದೆ.

ಗರಿಷ್ಠ ಶಕ್ತಿಯ ಬಿಂದುವನ್ನು ಕೆಲವು ನೂರು ಆರ್‌ಪಿಎಂ ದಾಟಿದ ಸ್ಥಿತಿಯಲ್ಲಿ ಗೆರೆ ದಾಟುವುದು ಒಳ್ಳೆಯದು. ಜಾರುವಿಕೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ, ಆಕ್ಸಲ್‌ಗೆ 4.11 ಹಾಕಿದರೆ 6,200, 4.30 ಹಾಕಿದರೆ 6,500, 4.56 ಹಾಕಿದರೆ 6,900ರ ಸಮೀಪ. ಈ ಎಂಜಿನ್ನಿಗೆ ಕೊನೆಯದು ಅತಿಯಾಯಿತು. ಅಲ್ಲಿ ಶಕ್ತಿ ಇಳಿಮುಖವಾಗಿರುತ್ತದೆ, ವಾಲ್ವ್ ಸ್ಪ್ರಿಂಗುಗಳಿಗೂ ನೆಮ್ಮದಿಯಿರುವುದಿಲ್ಲ.

ಇಲ್ಲಿ ಟೈರಿನ ವಿಷಯವನ್ನು ಹೇಳಲೇಬೇಕು. ಸ್ಲಿಕ್ ಟೈರು ವೇಗ ಹೆಚ್ಚಿದಂತೆ ಉಬ್ಬುತ್ತದೆ. 28 ಇಂಚಿನದು ಅರ್ಧ ಇಂಚು ಬೆಳೆದರೂ ಆರ್‌ಪಿಎಂ ನೂರಕ್ಕಿಂತ ಹೆಚ್ಚು ಇಳಿಯುತ್ತದೆ. ಆದ್ದರಿಂದ ಟೈರಿನ ಮೇಲೆ ಅಚ್ಚಾದ ಸಂಖ್ಯೆಯನ್ನು ನಂಬದೆ, ಓಟದ ದಿನದ ಗಾಳಿಯ ಒತ್ತಡದಲ್ಲಿ, ಕಾರಿನ ಭಾರ ಚಕ್ರದ ಮೇಲಿರುವಾಗಲೇ ಸೀಮೆಸುಣ್ಣದ ಗುರುತು ಹಾಕಿ ಒಂದು ಸುತ್ತು ಉರುಳಿಸಿ ಸುತ್ತಳತೆಯನ್ನು ಅಳೆಯಿರಿ. ಟ್ರ್ಯಾಕಿನಲ್ಲಿ ದೊರೆಯುವ ವೇಗವೂ ಕೊನೆಯ 66 ಅಡಿಗಳ ಸರಾಸರಿ ಮಾತ್ರ. ಗೆರೆಯ ಮೇಲಿನ ನಿಜವಾದ ವೇಗ ಅದಕ್ಕಿಂತ ತುಸು ಹೆಚ್ಚಾಗಿರುತ್ತದೆ.

"ಹಾಗಾದರೆ ಕಾರು ನಿಂತಲ್ಲಿಂದ ಜಿಗಿಯಲು 4.86 ಬೇಡವೇ?" ಎಂದು ಕೇಳುವವರಿದ್ದಾರೆ. ಕ್ಲಚ್ ಇರುವ ಕಾರಿನಲ್ಲಿ ಈ ಪ್ರಶ್ನೆಗೆ ತೂಕವಿದೆ. ಆಟೋಮ್ಯಾಟಿಕ್‌ನಲ್ಲಿ ಆ ಕೆಲಸದ ದೊಡ್ಡ ಪಾಲನ್ನು ಕನ್ವರ್ಟರ್ ಹೊರುತ್ತದೆ: ಹೊರಡುವ ಕ್ಷಣದಲ್ಲಿ ಅದು ಎಂಜಿನ್ನನ್ನು ತನ್ನ ಸ್ಟಾಲ್ ವೇಗಕ್ಕೆ (ಕಾರು ನಿಂತಿರುವಾಗ ಕನ್ವರ್ಟರ್ ಬಿಡುವ ಗರಿಷ್ಠ ಆರ್‌ಪಿಎಂಗೆ) ಏರಲು ಬಿಡುವುದಲ್ಲದೆ, ಟಾರ್ಕನ್ನು ಸುಮಾರು ಎರಡು ಪಟ್ಟಿನವರೆಗೆ ಹೆಚ್ಚಿಸುತ್ತದೆ. 4.30ರ ಜೊತೆ ಟರ್ಬೊ 350ರ 2.52 ಮೊದಲ ಗೇರು ಸೇರಿದರೆ ಒಟ್ಟು 10.84 ಆಗುತ್ತದೆ, ಎರಡೇ ಗೇರುಗಳಿರುವ ಪವರ್‌ಗ್ಲೈಡ್ ಗೇರ್‌ಬಾಕ್ಸಿನ 1.76 ಮೊದಲ ಗೇರಿಗೆ ಅದು ಕೇವಲ 7.57. ಆದರೂ 1950ರಲ್ಲಿ ಬಂದ ಆ ಪವರ್‌ಗ್ಲೈಡ್ ಇಂದಿಗೂ ಅಮೆರಿಕದ ಟ್ರ್ಯಾಕುಗಳಲ್ಲಿ ಓಡುತ್ತಿರುವುದಕ್ಕೆ, ಸರಿಯಾಗಿ ಹೊಂದಿಸಿದ ಕನ್ವರ್ಟರ್ ಒಂದು ಮುಖ್ಯ ಕಾರಣ. ಜಿಗಿತ ಸಾಲದೆನಿಸಿದರೆ ಮೊದಲು ಪರೀಕ್ಷಿಸಬೇಕಾದದ್ದು ಸ್ಟಾಲ್ ವೇಗವನ್ನು.

ಗೇರು ಬದಲಾದಾಗ ಆರ್‌ಪಿಎಂ ಕುಸಿಯುವುದನ್ನೂ ಆಕ್ಸಲ್ ಸರಿಪಡಿಸಲಾರದು. ಎರಡನೆಯ ಗೇರಿನ 1.52ರಿಂದ ಟಾಪ್ ಗೇರಿಗೆ (ಅನುಪಾತ 1) ಹೋಗುವಾಗ 6,500 ಇದ್ದದ್ದು ಲೆಕ್ಕದ ಪ್ರಕಾರ 4,280ಕ್ಕೆ ಇಳಿಯುತ್ತದೆ, ಕನ್ವರ್ಟರ್ ಜಾರುವಿಕೆ ಅದನ್ನು ಸ್ವಲ್ಪ ಮೇಲೆ ಹಿಡಿದಿಡುತ್ತದೆ. ಆಕ್ಸಲ್ ಬದಲಿಸಿದರೆ ಟ್ರ್ಯಾಕಿನ ಯಾವ ಜಾಗದಲ್ಲಿ ಆ ಕುಸಿತ ಬರುತ್ತದೆ ಎಂಬುದಷ್ಟೇ ಬದಲಾಗುತ್ತದೆ.

ನಾವು 4.30ನ್ನೇ ಆರಿಸಿದ್ದೇವೆ. ಎಂಟನೇ ಒಂದು ಮೈಲಿಯ ಓಟಕ್ಕೆ ಮಾತ್ರ ಲೆಕ್ಕ ಬೇರೆ: 660 ಅಡಿಯಲ್ಲಿ ಇದೇ ಕಾರಿನ ವೇಗ ಸುಮಾರು 96 ಮೈಲಿ, 4.30ರಲ್ಲಿ ಎಂಜಿನ್ 5,200 ಮಾತ್ರ ಮುಟ್ಟುತ್ತದೆ. ಅಲ್ಲಿಗೆ 4.30ಕ್ಕಿಂತ 4.86 ಹೆಚ್ಚು ಸಲ್ಲುತ್ತದೆ. 9 ಇಂಚಿನ ಆಕ್ಸಲ್‌ನಲ್ಲಿ ಕ್ರೌನ್-ಪಿನಿಯನ್ ಇರುವ ಭಾಗ ಹೌಸಿಂಗಿನ ಮುಂದಿನಿಂದ ಒಟ್ಟಾಗಿ ಹೊರಬರುವುದರಿಂದ, ಅಂಥದ್ದೊಂದನ್ನು ಮೊದಲೇ ಜೋಡಿಸಿಟ್ಟುಕೊಂಡರೆ ಟ್ರ್ಯಾಕಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು.