ಗಟ್ಟಿಯಾಗಿದೆ, ಬೆಂದಿಲ್ಲ

ಎಲ್ಲರಿಗೂ ನಮಸ್ಕಾರ. ಮೈಕ್ ಸ್ವಲ್ಪ ಕೆಳಗೆ ಮಾಡ್ತೀರಾ? ಪಾರ್ಲರಿನಲ್ಲಿ ಉಗುರಿನ ಕೆಲಸ ಮಾಡುತ್ತಾ ದಿನಕ್ಕೆ ಎಂಟು ಗಂಟೆ ಗಿರಾಕಿಗಳ ಬೆರಳ ಮೇಲೆ ಬಗ್ಗಿ ಕೂರುವವಳು ನಾನು, ನೆಟ್ಟಗೆ ನಿಂತು ಮಾತಾಡಿ ಅಭ್ಯಾಸ ಇಲ್ಲ.

ಆಹ್ವಾನ ಪತ್ರಿಕೆಯಲ್ಲಿ "ವಿರಾಮದ ನಂತರ ವೃತ್ತಿಗೆ ಮರಳುವಿಕೆ" ಅಂತ ಹಾಕಿದ್ದಾರೆ. ವಿರಾಮವಂತೆ! ಬರೆದವರು ಗಂಡಸರೇ ಇರಬೇಕು. 2016ರಲ್ಲಿ ಏಳು ತಿಂಗಳ ಬಸುರಿಯಾಗಿದ್ದಾಗ ನಾನು ಮೈಸೂರಿನ ಪಾರ್ಲರ್ ಕೆಲಸ ಬಿಟ್ಟೆ. ಮಾರನೇ ವರ್ಷವೇ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಪೇಪರಿನಲ್ಲಿ ಓದಿ ಹೊಟ್ಟೆ ಉರಿದುಕೊಂಡೆ. ಆಮೇಲೆ ಕೆಳಗಿನ ಸಾಲು ನೋಡಿದರೆ ಆ ಕಾನೂನು ಇರುವುದು ಹತ್ತು ಜನವಾದರೂ ಕೆಲಸಕ್ಕಿರುವ ಕಡೆಗೆ. ನಮ್ಮ ಪಾರ್ಲರಿನಲ್ಲಿ ಇದ್ದವರು ನಾಲ್ಕು ಜನ, ಬಾಗಿಲಲ್ಲಿ ಮಲಗುತ್ತಿದ್ದ ನಾಯಿಯನ್ನೂ ಸೇರಿಸಿದರೆ ಐದು. ಹೊಟ್ಟೆ ಉರಿ ಅಲ್ಲಿಗೆ ತಣ್ಣಗಾಯಿತು.

2023ರಲ್ಲಿ ಮತ್ತೆ ಕೆಲಸ ಕೇಳಿಕೊಂಡು ಹೊರಟೆ. ಆಗಷ್ಟೇ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದಿತ್ತು. ನಂಜನಗೂಡಿನಿಂದ ದಿನಾ ಮೈಸೂರಿಗೆ ಹೋಗಿ ಬರುವ ಬಸ್ ಚಾರ್ಜ್ ಉಳಿಯಿತಲ್ಲ, ಮನೆಯಲ್ಲಿ ಅರ್ಧ ವಾದ ನಾನು ಅಲ್ಲೇ ಗೆದ್ದೆ. ಹೋದ ಕಡೆಯೆಲ್ಲ ಒಂದೇ ಪ್ರಶ್ನೆ: "ಏಳು ವರ್ಷ ಏನ್ ಮಾಡ್ತಿದ್ರಿ?" ಮೂರನೇ ಕಡೆ ನನಗೂ ರೇಗಿತು. "ವಾರಕ್ಕೆ ಅರವತ್ತು ಉಗುರು ಕತ್ತರಿಸ್ತಿದ್ದೆ ಮೇಡಂ" ಅಂದೆ. ಲೆಕ್ಕ ಸರಿ ಇದೆ. ಇಬ್ಬರು ಮಕ್ಕಳದ್ದು ನಲವತ್ತು, ಅದೂ ಅವು ನಿದ್ದೆ ಹೋದಾಗ, ಟಾರ್ಚ್ ಹಿಡಿದು. ರಾತ್ರಿ ಉಗುರು ತೆಗೀಬಾರದು ಅಂತ ಅತ್ತೆ ಗೊಣಗುತ್ತಿದ್ದರು. ಇನ್ನು ಇಪ್ಪತ್ತು ಅತ್ತೆಯದ್ದೇ. ಅವರಿಗೆ ಸಕ್ಕರೆ ಕಾಯಿಲೆ, ಕಾಲುಗುರು ಮರದ ತೊಗಟೆ ಹಾಗೆ, ಸ್ವಲ್ಪ ಗಾಯವಾದರೂ ಮಾಯುವುದಿಲ್ಲ. ಅವರ ಕಾಲು ಹಿಡಿದವಳಿಗೆ ಯಾವ ಮದುಮಗಳ ಕೈಯೂ ಭಯ ಅಲ್ಲ. ಆ ಮೇಡಂ ನಕ್ಕು ಕೆಲಸ ಕೊಟ್ಟರು. ಸಂಬಳ ಮಾತ್ರ ಹೊಸಬರದ್ದು. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೇನೆ. ಮೊದಲನೆಯದು, ಕೈ ಮರೆಯುತ್ತಾ ಇಲ್ವಾ ಅನ್ನೋದು. ಮರೆಯಲ್ಲ. ಉಗುರು ಉಜ್ಜುವ ಫೈಲ್ ಹಿಡಿದ ಮೊದಲ ದಿನವೇ ಹೆಬ್ಬೆರಳು ತಾನಾಗಿ ಓರೆಯಾಯಿತು. ನನಗೆ ತೊಂದರೆ ಆಗಿದ್ದೇ ಅದರಿಂದ. ಆ ಕಥೆ ಹೇಳಿಬಿಡ್ತೀನಿ.

ಕೆಲಸಕ್ಕೆ ಸೇರುವ ಮುಂಚೆ ಕೈ ಪಳಗಲಿ ಅಂತ ಅಟ್ಟದಿಂದ ಹಳೇ ಲ್ಯಾಂಪ್ ಇಳಿಸಿದ್ದೆ, ಉಗುರಿಗೆ ಹಚ್ಚುವ ಜೆಲ್ ಅನ್ನೋ ಅಂಟಾದ ಪಾಲಿಶನ್ನು ಬೆಳಕಿನಿಂದ ಗಟ್ಟಿ ಮಾಡುವುದು. ಸೀರೆಯಲ್ಲಿ ಸುತ್ತಿಟ್ಟಿದ್ದ 36 ವ್ಯಾಟಿನದು, ಒಳಗೆ ನಾಲ್ಕು ಟ್ಯೂಬ್. ಪ್ಲಗ್ ಹಾಕಿದರೆ ಜಗ್ಗನೆ ನೀಲಿ ಬೆಳಕು. ಸಂತೋಷವೋ ಸಂತೋಷ. ಆಗ ಬಂದರು ನನ್ನ ಹಳೇ ಗಿರಾಕಿ, ವೀಣೆ ಟೀಚರ್. ಅವರದ್ದು ಎರಡೇ ಬೆರಳಿನ ಕೆಲಸ, ಬಲಗೈ ತೋರುಬೆರಳು ಮತ್ತು ನಡುಬೆರಳು. ತಂತಿ ಮೀಟುವುದು ಆ ಎರಡರಿಂದ. ಲೋಹದ ತಂತಿ ಉಗುರನ್ನು ತಿಂದು ಹಾಕುತ್ತೆ. ಉಗುರೋ, ತಿಂಗಳಿಗೆ ಬೆಳೆಯುವುದು ಮೂರು ಮಿಲಿಮೀಟರ್ ಆಸುಪಾಸು. ಅದಕ್ಕೇ ಮೇಲೊಂದು ಜೆಲ್ ಪದರ. ಉದ್ದ ಒಂದು ಕೂದಲೆಳೆ ಹೆಚ್ಚಾದರೆ ತಂತಿಗೆ ಸಿಕ್ಕಿಕೊಳ್ಳುತ್ತೆ, ಕಡಿಮೆಯಾದರೆ ಚರ್ಮ ತಾಗುತ್ತೆ. ಹಿಂದೆ ಅವರು ಪ್ರತಿ ಸಲ ಕೇಳುತ್ತಿದ್ದರು, "ಎರಡೇ ಬೆರಳಿಗೆ ಪೂರ್ತಿ ರೇಟ್ ಯಾಕೆ?" ನಾನು ಹೇಳುತ್ತಿದ್ದೆ, "ಮೇಡಂ, ನೀವು ವೀಣೆ ಪಾಠಕ್ಕೆ ಬೆರಳು ಎಣಿಸಿ ಫೀಸ್ ತಗೋತೀರಾ?"

ಹೊಸ ಜೆಲ್ ಬಾಟಲಿ ತಂದಿದ್ದೆ. ಹಚ್ಚಿದೆ. ಹಳೇ ಲ್ಯಾಂಪಿನಲ್ಲಿ ಹಳೇ ಲೆಕ್ಕ, ಎರಡು ನಿಮಿಷ. ಮುಟ್ಟಿದರೆ ಗಟ್ಟಿ, ನೋಡಿದರೆ ಫಳಫಳ. ಒಂದು ವಾರಕ್ಕೆ ವಾಪಸ್ ಬಂದರು. ಬೈಯಲಿಲ್ಲ. "ಉಗುರಿನ ಶಬ್ದ ಸರಿ ಇಲ್ಲಮ್ಮ" ಅಂದರು. ಸಾರಣಿ ತಂತಿ ಮೀಟಿದರೆ ಗಂಟೆ ಹಾಗೆ ನಿಲ್ಲಬೇಕಾದದ್ದು, ಒದ್ದೆ ಬಟ್ಟೆ ಬಡಿದ ಹಾಗೆ ಕೇಳುತ್ತಂತೆ. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಚಾಳೀಸು ಬೇರೆ ಬಂದಿತ್ತು, ಒಪ್ಪಿಕೊಂಡಿರಲಿಲ್ಲ. ಅವರ ಕಿವಿಗೆ ಮೊದಲು ಗೊತ್ತಾಯಿತು. ಮೇಲೆ ಗಟ್ಟಿ, ಒಳಗೆ ಹಸಿ.

ಹೊಸ ಪಾರ್ಲರಿನಲ್ಲಿ ಮಣಿಪುರದ ಹುಡುಗಿಯೊಬ್ಬಳಿದ್ದಳು, ನನಗಿಂತ ಹದಿನೈದು ವರ್ಷ ಚಿಕ್ಕವಳು. ಅವಳಿಗೆ ಹೇಳಿದೆ. "ಅಕ್ಕಾ, ಜೆಲ್ ಒಣಗಲ್ಲ, ಬೇಯುತ್ತೆ" ಅಂದಳು. ಅರ್ಧ ಕನ್ನಡ, ಅರ್ಧ ಹಿಂದಿ, ಆದರೆ ವಿಷಯ ಪೂರ್ತಿ. ಜೆಲ್ ಒಳಗೆ ಬೆಳಕು ಹಿಡಿದು ಬೇಯಿಸುವ ವಸ್ತು ಇರುತ್ತೆ, ಅದಕ್ಕೆ ತನಗೆ ಹೊಂದುವ ಬೆಳಕೇ ಬೇಕು. ಹಳೇ ಟ್ಯೂಬಿನ ಬೆಳಕಿನ ಅಲೆಯ ಉದ್ದ 365 ನ್ಯಾನೋಮೀಟರ್ ಆಸುಪಾಸು. ಈಗಿನ ಎಲ್‌ಇಡಿ ಲ್ಯಾಂಪ್‌ಗಳಲ್ಲಿ ಸಾಮಾನ್ಯವಾಗಿ 365ರ ಜೊತೆ 405 ಕೂಡ ಇರುತ್ತೆ. ಸಾಲದ್ದಕ್ಕೆ ಟ್ಯೂಬ್ ಹಳೆಯದಾದಂತೆ ಬೆಳಕಿನ ಕಸುವು ಇಳಿಯುತ್ತೆ, ಕಣ್ಣಿಗೆ ಮಾತ್ರ ಅಷ್ಟೇ ನೀಲಿ. ರಾಗಿ ಮುದ್ದೆ ಮಾಡಿದವರಿಗೆ ಬೇರೆ ಹೇಳಬೇಕಾ? ಮೇಲೆ ನುಣ್ಣಗಿರುತ್ತೆ, ಮುರಿದರೆ ಒಳಗೆ ಹಿಟ್ಟಿನ ಗಂಟು. ಮುದ್ದೆಯಾದರೆ ಹೊಟ್ಟೆನೋವಿಗೆ ಮುಗಿಯಿತು. ಇದು ಹಾಗಲ್ಲ.

ಬೇಯದ ಜೆಲ್ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಅಂಟಿಕೊಳ್ಳಬಹುದು. ಬಾಟಲಿ ಮೇಲೆ ಸಣ್ಣ ಅಕ್ಷರದಲ್ಲಿ "ಹೇಮಾ" ಅಂತ ಇರುತ್ತೆ ನೋಡಿ. ಪಕ್ಕದ ಮನೆ ಹೇಮಾ ಅಲ್ಲ, ಹೈಡ್ರಾಕ್ಸಿಈಥೈಲ್ ಮೆಥಾಕ್ರಿಲೇಟ್. ಅಲರ್ಜಿ ಒಮ್ಮೆ ಹಿಡಿಯಿತು ಅಂದರೆ ಸಾಮಾನ್ಯವಾಗಿ ಜೀವಮಾನಕ್ಕೇ. ಇದರ ಬಂಧುಗಳು ಹಲ್ಲು ತುಂಬುವ ಸಿಮೆಂಟಿನಲ್ಲೂ, ಮಂಡಿ ಬದಲಿಸುವಾಗ ಹಾಕುವ ಸಿಮೆಂಟಿನಲ್ಲೂ ಇದ್ದಾರೆ. ಗಿರಾಕಿ ಮೂರು ವಾರಕ್ಕೊಮ್ಮೆ ಬರುತ್ತಾಳೆ, ನಾವು ದಿನಾ ಅದರಲ್ಲೇ ಕೈ ಇಟ್ಟಿರುತ್ತೇವೆ. ಅದಕ್ಕೇ ನೈಟ್ರೈಲ್ ಗ್ಲೌಸ್. ಲೇಟೆಕ್ಸ್ ಬೇಡ, ಇದು ಅದನ್ನು ಬೇಗ ದಾಟಿಬಿಡುತ್ತೆ. ನೈಟ್ರೈಲ್ ಕೂಡ ಬೆಳಗ್ಗೆ ಹಾಕಿದ್ದು ಸಂಜೆ ತನಕ ಅಲ್ಲ, ಆಗಾಗ ಬದಲಿಸಬೇಕು.

ವೀಣೆ ಟೀಚರಿಗೆ ಏನಾಯಿತು ಅಂತ ಕೇಳಬೇಕು ನೀವು. ಉಜ್ಜಿ ತೆಗೆದೆ, ದುಡ್ಡು ವಾಪಸ್ ಕೊಟ್ಟೆ, ಎರಡು ಬೆರಳದ್ದೂ. ಚರ್ಮಕ್ಕೆ ಏನೂ ಆಗಿರಲಿಲ್ಲ, ಪುಣ್ಯ. ಜೆಲ್ ಕಂಪನಿ ಹೇಳಿದ ಲ್ಯಾಂಪಿನಲ್ಲಿ ಮತ್ತೆ ಹಾಕಿದೆ. ಮನೆಗೆ ಹೋಗಿ ಫೋನ್ ಮಾಡಿ, ಮಾತೇ ಆಡದೆ, ಒಂದು ಸಲ ತಂತಿ ಮೀಟಿ ಇಟ್ಟರು.

ಚೀಟಿ ಬಂತು, ಐದು ನಿಮಿಷ ಅಂತೆ. ಎರಡನೆಯದು ಉಗುರು ಉಜ್ಜುವ ಡ್ರಿಲ್ ಮಷಿನ್. ನಿಮಿಷಕ್ಕೆ 30,000 ಸುತ್ತು ತಿರುಗುತ್ತೆ ಅಂತ ಅಷ್ಟೂ ತಿರುಗಿಸಬೇಕಿಲ್ಲ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅನ್ನೋ ಗಾದೆ ನಮಗೇ ಮಾಡಿದ್ದು. ಗಿರಾಕಿ "ಬಿಸಿ" ಅಂದರೆ ನಿಲ್ಲಿಸಿ, ವಾದ ಬೇಡ. ತೆಳುವಾದ ಕೈಯುಗುರು ಪೂರ್ತಿ ಹೊಸದಾಗಿ ಬರಲು ಆರು ತಿಂಗಳು ಬೇಕು.

ಮೂರನೆಯದು, ಹಳೇ ಸ್ಟಾಕ್. ಯೂರೋಪಿನಲ್ಲಿ 2025ರ ಸೆಪ್ಟೆಂಬರ್ 1ರಿಂದ ಟಿಪಿಒ ಇರುವ ಜೆಲ್ ನಿಷೇಧ. ಬೆಳಕು ಹಿಡಿಯುವ ವಸ್ತು ಅಂದೆನಲ್ಲ, ಅಂಥದ್ದರಲ್ಲಿ ಅದೂ ಒಂದು. ಗಾಬರಿ ಬೇಡ, ಬಾಟಲಿ ತಿರುಗಿಸಿ ಓದಿ. ಅಟ್ಟದ ಮೇಲಿನ ಬಾಟಲಿ ಓದುವುದೂ ಬೇಡ, ಎಸೀರಿ.

ನಾಲ್ಕನೆಯದು ಸಂಬಳ. ಹೊಸಬರ ಸಂಬಳಕ್ಕೆ ಒಪ್ಪಿದ್ದು ನನ್ನ ತಪ್ಪು. ಲ್ಯಾಂಪ್ ನನಗೆ ಹೊಸದು, ಕೈ ಹೊಸದಲ್ಲ. ನೀವು ಮೂರು ತಿಂಗಳಿಗೆ ಮಾತ್ರ ಒಪ್ಪಿ, ಬರೆಸಿಕೊಳ್ಳಿ. ಇನ್ನೂ ಇತ್ತು, ಬೆನ್ನುನೋವಿನದು, ಕನ್ನಡಕದ್ದು... ಸರಿ ಸರಿ, ಗಂಟೆ ಹೊಡೆದರು.

ಆ ಹಳೇ ಲ್ಯಾಂಪ್ ತಂದಿದ್ದೇನೆ, ಕಿಟಕಿ ಹತ್ತಿರದ ಮೇಜಿನ ಮೇಲಿದೆ. ಊಟದ ನಂತರ ಬನ್ನಿ, ಜೆಲ್ ಹಚ್ಚಿದ ಪ್ಲಾಸ್ಟಿಕ್ ಉಗುರು, ಅದೇ ಟಿಪ್, ಅದರಲ್ಲಿ ಒಂದು, ಹೊಸದರಲ್ಲಿ ಒಂದು ಇಟ್ಟು ತೋರಿಸ್ತೀನಿ. ಉಗುರಿನ ಸುತ್ತ ತುರಿಕೆ ಇದ್ದವರು ಊಟಕ್ಕೆ ಮುಂಚೆಯೇ ಬನ್ನಿ.