ನಗರದ ಯೋಜನೆ, ಸರ್ಕಾರದ ಹಣ

ಕೇಳುಗರೇ, ನಮಸ್ಕಾರ.

2023ರ ನವೆಂಬರ್‌ನಲ್ಲಿ ಬೆಂಗಳೂರು ತನ್ನದೇ ಒಂದು ಹವಾಮಾನ ಯೋಜನೆ ಹೊರತಂದಿತು. 2050ರ ಹೊತ್ತಿಗೆ ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಸೊನ್ನೆಗೆ ಇಳಿಸುವುದು, ಅಂದರೆ ಹೊರಬಿಟ್ಟಷ್ಟನ್ನು ಹೀರಿಕೊಳ್ಳುವಂತೆಯೂ ಮಾಡುವುದು, ಅದರ ಗುರಿ. ಮಾಡಿದ್ದು ಆಗಿನ ಬಿಬಿಎಂಪಿ. ಆದರೆ ಬಸ್ಸು ಪಾಲಿಕೆಯದಲ್ಲ, ಬಿಎಂಟಿಸಿಯದು. ನೀರು ಜಲಮಂಡಳಿಯದು, ಕರೆಂಟು ಬೆಸ್ಕಾಂನದು. ಮೂರೂ ರಾಜ್ಯ ಸರ್ಕಾರದ ಕೈಯಲ್ಲಿವೆ. ಮೆಟ್ರೊದಲ್ಲಿ ಕೇಂದ್ರ, ರಾಜ್ಯ ಇಬ್ಬರಿಗೂ ಸಮಪಾಲು. ಅಂದಮೇಲೆ ಪಾಲಿಕೆ ಒಂದೇ ಏನು ಮಾಡೀತು, ಹೇಳಿ?

ಬಸ್ಸಿನ ವಿಷಯವನ್ನೇ ನೋಡೋಣ. ಎಲೆಕ್ಟ್ರಿಕ್ ಬಸ್ ಹತ್ತಿದವರಿಗೆ ಗೊತ್ತು. ಡೀಸೆಲ್ ವಾಸನೆ ಇಲ್ಲ, ಸಿಗ್ನಲ್‌ನಲ್ಲಿ ನಿಂತಾಗ ಸೀಟು ಗಡಗಡ ಅನ್ನುವುದಿಲ್ಲ. ಟಿಕೆಟ್ ಕೊಡುವ ಕಂಡಕ್ಟರ್ ಬಿಎಂಟಿಸಿಯವರು. ಡ್ರೈವರ್ ಕಂಪನಿಯವರು, ಬಸ್ಸೂ ಕಂಪನಿಯದೇ. ಓಡಿದ ಕಿಲೋಮೀಟರಿಗೆ ಇಷ್ಟು ಅಂತ ಬಿಎಂಟಿಸಿ ಕೊಡುತ್ತದೆ. ಡೀಸೆಲ್ ಬಸ್ಸಿಗಿಂತ ಇದರ ಬೆಲೆ ತುಂಬಾ ಜಾಸ್ತಿ. ಆ ಹೊರೆ ಇಳಿಸಲು ಕೇಂದ್ರದ ಫೇಮ್-2 ಸಬ್ಸಿಡಿ ಬಂತು. 2024ರಲ್ಲಿ ಅದೇ ಬಗೆಯ ಕೇಂದ್ರದ ಇನ್ನೊಂದು ಯೋಜನೆ, ಪಿಎಂ ಇ-ಡ್ರೈವ್ ಬಂತು. ಅದರಲ್ಲಿ ಬೆಂಗಳೂರಿನ ಪಾಲಿಗೆ 4,500 ಬಸ್ಸು.

ನನ್ನನ್ನು ಕೇಳಿದರೆ, ಸಬ್ಸಿಡಿಗಿಂತ ದೊಡ್ಡ ಆಸರೆ ಇನ್ನೊಂದಿದೆ. ಈ ಕರಾರುಗಳು ಹತ್ತು ಹನ್ನೆರಡು ವರ್ಷದವು. ನಡುವೆ ಸಾರಿಗೆ ನಿಗಮಗಳು ಬಾಕಿ ಉಳಿಸಿಕೊಂಡರೆ ಗತಿಯೇನು? ಕಂಪನಿಗಳಿಗೂ ಸಾಲ ಕೊಡುವ ಬ್ಯಾಂಕುಗಳಿಗೂ ಇದ್ದ ಅಳುಕು ಇದೇ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 3,435 ಕೋಟಿ ರೂಪಾಯಿಯ ಪಾವತಿ ಖಾತರಿ ನಿಧಿಗೆ ಒಪ್ಪಿಗೆ ಕೊಟ್ಟಿತು. ನಿಗಮದಿಂದ ಹಣ ಬರದಿದ್ದರೆ ಕಂಪನಿಗೆ ಈ ನಿಧಿಯಿಂದ ಹೋಗುತ್ತದೆ. ಆಮೇಲೆ ನಿಗಮ ಇಲ್ಲವೇ ರಾಜ್ಯ ಅದನ್ನು ತುಂಬಿಕೊಡಬೇಕು. ಕೊಡದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿರುವ ರಾಜ್ಯದ ಖಾತೆಯಿಂದಲೇ ಕಡಿತ. ಸಹಾಯವೂ ಇದೆ, ಬಿಗಿಯೂ ಇದೆ. ಹೀಗೇ ಇರಬೇಕು.

ರಾಜ್ಯದ ಕಡೆಯಿಂದ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಬಸ್ಸುಗಳಲ್ಲಿ ಹೆಂಗಸರು ತುಂಬಿದರು. ಅದನ್ನು ಹವಾಮಾನಕ್ಕೆಂದು ಮಾಡಿದ್ದಲ್ಲ, ನಿಜ. ಆದರೂ ಜನ ಬಸ್ ಹತ್ತುವುದಕ್ಕಿಂತ ಒಳ್ಳೆಯ ಹವಾಮಾನ ಕೆಲಸ ನಗರದಲ್ಲಿ ಯಾವುದಿದೆ? ಆ ಉಚಿತ ಟಿಕೆಟ್ಟಿನ ದುಡ್ಡು ಮಾತ್ರ ನಿಗಮದ ಕೈಗೆ ಹೊತ್ತಿಗೆ ಸರಿಯಾಗಿ ಸೇರಬೇಕು.

2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ಪಾಲಿಕೆಗಳು. ಯಾವ ಬಡಾವಣೆಯಲ್ಲಿ ಬಸ್ಸಿಲ್ಲದೆ ಜನ ಸ್ಕೂಟರ್ ಕೊಳ್ಳುತ್ತಿದ್ದಾರೆ ಅನ್ನುವುದು ಆಯಾ ವಾರ್ಡಿನವರಿಗೆ ಚೆನ್ನಾಗಿ ಗೊತ್ತು. ಹೊಸ 4,500 ಬಸ್ಸು ಯಾವ ಮಾರ್ಗದಲ್ಲಿ ಓಡಬೇಕು ಅಂತ ನಿರ್ಧರಿಸುವಾಗ ಈ ಐದೂ ಪಾಲಿಕೆಗಳನ್ನು ಜೊತೆಗೆ ಕೂರಿಸಿಕೊಳ್ಳಿ ಎಂದು ರಾಜ್ಯ ಸರ್ಕಾರವನ್ನು ಕೇಳಿಕೊಳ್ಳುತ್ತೇನೆ.

ನಮಸ್ಕಾರ.