ಕಲ್ಯಾಣದ ಕಾಲದ ಪ್ರೇಮಕಥೆ ಬರೆಯುವುದು ಹೇಗೆ? ಪ್ರೀತಿ, ಭಕ್ತಿ ಮತ್ತು ಒಂದು ಸೊಲ್ಲಗೆ ಎಣ್ಣೆ

[ದೃಶ್ಯ: ಬಸವಕಲ್ಯಾಣ, ತ್ರಿಪುರಾಂತ ಕೆರೆಯ ದಂಡೆ. ನಿರೂಪಕಿ ಕ್ಯಾಮೆರಾ ಕಡೆ ನಡೆದು ಬರುತ್ತಾರೆ]

ನಮಸ್ಕಾರ. ಇವತ್ತು ಒಂದು ಜಗಳದಿಂದ ಶುರು ಮಾಡೋಣ. ಗಂಡ ಹೆಂಡತಿಯ ಜಗಳ, 12ನೇ ಶತಮಾನದ್ದು. ಊರು ಇದೇ, ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣ.

ಗಂಡ ಮಾರಯ್ಯನವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವರ ಕಾಯಕ. ಅದಕ್ಕೇ ಆಯ್ದಕ್ಕಿ ಮಾರಯ್ಯ. ಒಂದು ದಿನ ಯಾವಾಗಿಗಿಂತ ಜಾಸ್ತಿ ಅಕ್ಕಿ ತಂದರು. ಹೆಂಡತಿ ಲಕ್ಕಮ್ಮನವರಿಗೆ ಖುಷಿಯಾಗಲಿಲ್ಲ. "ಈಸಕ್ಕಿಯಾಸೆ ನಿಮಗೇಕೆ?" ಎಂದು ಕೇಳಿದರು. ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿ ಎಂದು ವಾಪಸ್ ಕಳಿಸಿದರು.

ಆ ವಚನದ ಅಂಕಿತ ಗಮನಿಸಿ: ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನನ್ನು ಗದರಿಸುವ ವಚನದಲ್ಲೇ ಗಂಡನ ಹೆಸರಿದೆ, ಅದೂ ದೇವರ ಹೆಸರಿನ ಜೊತೆಗೆ. ಪ್ರೀತಿ, ಭಕ್ತಿ, ಸಿಟ್ಟು ಮೂರೂ ಒಂದೇ ಉಸಿರಿನಲ್ಲಿ. ನಾನು ಇವತ್ತು ಹೇಳಬೇಕಾಗಿರುವ ಬರವಣಿಗೆಯ ಬಗೆಗೆ ಇದಕ್ಕಿಂತ ಒಳ್ಳೆಯ ಮಾದರಿ ಇನ್ನೊಂದಿಲ್ಲ.

[ಪರದೆಯ ಮೇಲೆ: ಇನ್‌ಸ್ಪಿರೇಷನಲ್ ಹಿಸ್ಟಾರಿಕಲ್ ರೊಮ್ಯಾನ್ಸ್]

ಹೆಸರು ಉದ್ದ, ವಿಷಯ ಸರಳ. ಕಥೆ ಹಿಂದಿನ ಕಾಲದ್ದು. ನಡುವೆ ಒಂದು ಪ್ರೇಮ, ಅದು ಸುಖವಾಗಿ ಮುಗಿಯಲೇಬೇಕು. ಜೊತೆಗೆ ಗಂಡಿಗೂ ಹೆಣ್ಣಿಗೂ ದೇವರ ಜೊತೆ ಒಂದು ಲೆಕ್ಕ ಬಾಕಿ ಇರುತ್ತದೆ, ಅದೂ ಚುಕ್ತಾ ಆಗಬೇಕು. ಅಮೆರಿಕದಲ್ಲಿ ಇದಕ್ಕೆ ದೊಡ್ಡ ಓದುಗ ಬಳಗ ಇದೆ. ಅಲ್ಲಿ ಹೆಚ್ಚಿನವು ಕ್ರೈಸ್ತ ನಂಬಿಕೆಯ ಕಥೆಗಳು. 1979ರಲ್ಲಿ ಕೆನಡಾದ ಜಾನೆಟ್ ಓಕ್ ಬರೆದ 'ಲವ್ ಕಮ್ಸ್ ಸಾಫ್ಟ್‌ಲಿ' ಬಂದ ಮೇಲೆ ಈ ದಾರಿಗೆ ಜನ ಜಾಸ್ತಿಯಾದರು. ಗಂಡನನ್ನು ಕಳೆದುಕೊಂಡ ಹೆಣ್ಣು, ಹೆಂಡತಿಯನ್ನು ಕಳೆದುಕೊಂಡ ಗಂಡು, ಅವನ ಪುಟ್ಟ ಮಗಳು. ಅನಿವಾರ್ಯಕ್ಕೆ ಆದ ಮದುವೆ ನಿಧಾನಕ್ಕೆ ಪ್ರೀತಿಯಾಗುತ್ತದೆ. ಇಷ್ಟೇ ಕಥೆ.

ಅದನ್ನೇ ಎತ್ತಿ ತಂದು ಹೆಸರು ಬದಲಿಸಿದರೆ ಕನ್ನಡದ್ದು ಆಗುವುದಿಲ್ಲ. ನಮ್ಮ ನಂಬಿಕೆಗಳು ಬೇರೆ, ನಮ್ಮ ಜಗಳಗಳೂ ಬೇರೆ. ಆದರೆ ಒಂದು ಪರೀಕ್ಷೆ ಎಲ್ಲ ಕಡೆಗೂ ಒಂದೇ. ಕಾದಂಬರಿಯಿಂದ ಭಕ್ತಿಯನ್ನು ಪೂರ್ತಿ ತೆಗೆದುಹಾಕಿ ನೋಡಿ. ಆಮೇಲೂ ಪ್ರೇಮಕಥೆ ಹಾಗೇ ನಿಂತರೆ, ಆ ಭಕ್ತಿ ಸುಮ್ನೆ ಅಲಂಕಾರಕ್ಕೆ ಹಚ್ಚಿದ್ದು ಎಂದರ್ಥ. ನಾಯಕಿ ಬೆಳಿಗ್ಗೆ ಎದ್ದು ಪೂಜೆ ಮಾಡಿದಳು, ಸಂಜೆ ದೀಪ ಹಚ್ಚಿದಳು... ಇದರಿಂದ ಕಥೆಯಲ್ಲಿ ಏನೂ ಅಲುಗಾಡುವುದಿಲ್ಲ. ಲಕ್ಕಮ್ಮನವರ ಭಕ್ತಿ ಹಾಗಲ್ಲ. ಅದು ಅವತ್ತಿನ ಅಡುಗೆಗೇ ಕೈ ಹಾಕುತ್ತದೆ.

[ದೃಶ್ಯ: ಬಸವಕಲ್ಯಾಣ ಕೋಟೆಯ ಬಾಗಿಲು]

ಸರಿ, ಕಥೆ ಎಲ್ಲಿಂದ ತರೋದು? ಕಲ್ಯಾಣ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಆ ಮದುವೆ. ಸಮಗಾರ ಹರಳಯ್ಯನವರ ಮಗ, ಬ್ರಾಹ್ಮಣ ಮೂಲದ ಮಧುವರಸರ ಮಗಳು. ರಾಜ ಬಿಜ್ಜಳ ಇಬ್ಬರು ತಂದೆಯರಿಗೂ ಎಳೆಹೂಟೆ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಶಿಕ್ಷೆ ಕೊಟ್ಟ. 1167ರ ಸುಮಾರಿಗೆ ಅವನ ಕೊಲೆಯೂ ಆಯಿತು. ಶರಣರು ದಿಕ್ಕುಪಾಲಾದರು, ಚೆನ್ನಬಸವಣ್ಣನವರ ಜೊತೆ ಹೊರಟವರು ಉಳವಿಯ ಕಾಡು ಸೇರಿದರು.

ಇದನ್ನೇ ಬರೆಯಬಹುದಲ್ವಾ? ನಾನು ಬೇಡ ಎನ್ನುತ್ತೇನೆ. ಒಂದು, ಈಗಾಗಲೇ ದೊಡ್ಡ ದೊಡ್ಡವರು ಬರೆದಾಗಿದೆ. ಎರಡನೆಯದು ಮುಖ್ಯ. ಆ ಮನೆಗಳ ಕಥೆ ಸುಖವಾಗಿ ಮುಗಿಯಲಿಲ್ಲ. ನಾವು ಓದುಗರಿಗೆ ಸುಖಾಂತದ ಮಾತು ಕೊಟ್ಟು ಕರೆತಂದವರು. ಮಾತು ಉಳಿಸಿಕೊಳ್ಳಲು ಚರಿತ್ರೆ ತಿದ್ದಬೇಕಾಗುತ್ತದೆ. ಅದು ಮಾತ್ರ ಕೂಡದು.

ಹಾಗಾಗಿ ದೊಡ್ಡ ಬೀದಿ ಬಿಟ್ಟು ಓಣಿಗೆ ಬನ್ನಿ. ಆ ಮದುವೆಯ ಸುದ್ದಿ ಕೇಳಿ ಬೆಚ್ಚಿಬಿದ್ದ ಸಣ್ಣ ಜನ ಎಷ್ಟಿದ್ದರು! ಅವರ ಹೆಸರು ಯಾರೂ ಬರೆದಿಟ್ಟಿಲ್ಲ. ಕಾದಂಬರಿಕಾರರಿಗೆ ಅದೇ ಜಾಗ ಖಾಲಿ ಇರೋದು.

ಅವರನ್ನು ಹುಡುಕಲು ನಾನು ಓದುವುದು ಶಾಸನಗಳನ್ನು. ಓದಲು ಬೇಜಾರು ಎಂದು ಅನೇಕರು ಬಿಡುತ್ತಾರೆ. ರಾಜರ ಬಿರುದುಗಳ ಸಾಲು ದಾಟಿ ಕೆಳಗೆ ಬನ್ನಿ, ಬಂಗಾರ ಅಲ್ಲಿದೆ. ಇಷ್ಟು ಮತ್ತರು ಭೂಮಿ, ಇಷ್ಟು ಗದ್ಯಾಣ ಹೊನ್ನು, ಒಂದು ಹೂದೋಟ, ದೇವರ ನಂದಾದೀವಿಗೆಗೆ ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ. ಸೊಲ್ಲಗೆ ಎಂದರೆ ಎಣ್ಣೆ ಅಳೆಯುವ ಸಣ್ಣ ಮಾಪು. ಲೆಕ್ಕ ಬರೆಯುವವನು ಸೇನಬೋವ.

ಗಾಣಕ್ಕೆ ಇಷ್ಟು ಎಣ್ಣೆ. ಅಲ್ಲೇ ನಿಲ್ಲಿ. ಒಬ್ಬ ಗಾಣಿಗ ಗುಡಿಯ ದೀಪಕ್ಕೆ ಎಣ್ಣೆ ಕೊಡಬೇಕು. ಅವನು ಶರಣನಾದ ಎಂದುಕೊಳ್ಳಿ. "ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ" ಎಂಬ ಮಾತು ಅವನ ಎದೆಗೆ ನಾಟಿದೆ. ದೇಹವೇ ದೇಗುಲ ಎಂದ ಮೇಲೆ ಕಲ್ಲಿನ ಗುಡಿಗೆ ಎಣ್ಣೆ ಯಾಕೆ? ಕೊಡುವುದು ನಿಲ್ಲಿಸಿದ. ಬಾಕಿ ಬೆಳೆಯಿತು. ಆ ಬಾಕಿ ಬರೆಯಬೇಕಾದ ಸೇನಬೋವನಿಗೆ ಗಾಣಿಗನ ಮಗಳ ಮೇಲೆ ಮನಸ್ಸು.

ನೋಡಿ, ಖಳನಾಯಕ ಬೇಕಾಗಲೇ ಇಲ್ಲ. ಆ ಕಾಲವೂ ಆ ನಂಬಿಕೆಯೂ ಸೇರಿ ಇಬ್ಬರ ನಡುವೆ ಗೋಡೆ ಕಟ್ಟಿದವು.

ಹುಡುಗಿಗೆ ಮಾಳವ್ವೆ ಎಂದು ಹೆಸರಿಟ್ಟೆ, ಹುಡುಗನಿಗೆ ಕೇತಯ್ಯ. ಶಾಸನಗಳಲ್ಲಿ ಈ ಧಾಟಿಯ ಹೆಸರುಗಳು ಬೇಕಾದಷ್ಟು ಸಿಗುತ್ತವೆ. 12ನೇ ಶತಮಾನದ ನಾಯಕಿಗೆ ಈಗಿನ ಧಾರಾವಾಹಿಯ ಹೆಸರು ಇಟ್ಟರೆ ಮೊದಲ ಪುಟದಲ್ಲೇ ಕಥೆ ಸತ್ತಿತು ಅಂತಲೇ ಲೆಕ್ಕ.

[ದೃಶ್ಯ: ಜಲಸಂಗಿ ಗುಡಿಯ ಹೊರಗೋಡೆ, ಬರೆಯುತ್ತಿರುವ ಹೆಣ್ಣಿನ ಶಿಲ್ಪ. ನಿಧಾನಕ್ಕೆ ಹತ್ತಿರ]

ಈಗ ಹುಮನಾಬಾದ್ ತಾಲೂಕಿನ ಜಲಸಂಗಿಗೆ ಬನ್ನಿ. ಚಾಲುಕ್ಯರ ಕಾಲದ ಗುಡಿ. ಗೋಡೆಯ ಸುತ್ತ ಹೆಣ್ಣುಗಳ ಶಿಲ್ಪ. ಅವರಲ್ಲಿ ಒಬ್ಬಳು ಕುಣಿಯುತ್ತಿಲ್ಲ, ಕನ್ನಡಿಯನ್ನೂ ನೋಡುತ್ತಿಲ್ಲ. ಬರೆಯುತ್ತಿದ್ದಾಳೆ! ಆರನೇ ವಿಕ್ರಮಾದಿತ್ಯನನ್ನು ಹೊಗಳುವ ಸಾಲುಗಳನ್ನು ಕಲ್ಲಿನ ಮೇಲೆ ಕೆತ್ತುತ್ತಿದ್ದಾಳೆ. ಅವನು ಆಳಿದ್ದು 1076ರಿಂದ 1126ರವರೆಗೆ. ಬಸವಣ್ಣನವರ ಚಳವಳಿಗಿಂತ ಮೊದಲು.

ಒಂದು ಶಿಲ್ಪ ಇದೆ ಎಂದ ಮಾತ್ರಕ್ಕೆ ಊರಿನ ಹೆಣ್ಣುಮಕ್ಕಳೆಲ್ಲ ಬರೆಯುತ್ತಿದ್ದರು ಎನ್ನಲಾಗುವುದಿಲ್ಲ. ಆದರೆ ಬರೆಯುವ ಹೆಣ್ಣು ಆ ಕಾಲದ ಶಿಲ್ಪಿಯ ಕಲ್ಪನೆಗೆ ದೂರ ಇರಲಿಲ್ಲ. ನನ್ನ ಮಾಳವ್ವೆಗೆ ಓದು ಬರುತ್ತದೆ ಎಂದು ಬರೆಯಲು ನನಗೆ ಅಷ್ಟು ಧೈರ್ಯ ಸಾಕು. ಅವಳಿಗೆ ಓದು ಬರುವುದು ಕಥೆಗೆ ಯಾಕೆ ಬೇಕು ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ಊಟದ ವಿಚಾರದಲ್ಲಿ ಜಾಗ್ರತೆ. ಕಲಬುರಗಿ, ಬೀದರ್ ಕಡೆಯವರು ಊಟದ ದೃಶ್ಯ ಬರೆಯಲು ಕುಳಿತರೆ ಕೈ ತಾನಾಗೇ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಸಿಮೆಣಸಿನಕಾಯಿ ಎಂದು ಬರೆದುಬಿಡುತ್ತದೆ. ರೊಟ್ಟಿ ಇರಲಿ. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು ಭಾರತಕ್ಕೆ ಬಂದದ್ದೇ 1498ರಲ್ಲಿ. ಬಸವಣ್ಣನವರ ಕಾಲಕ್ಕೆ ಖಾರಕ್ಕೆ ಕಾಳುಮೆಣಸು. ತೊಗರಿ ಬೇಳೆ, ಎಳ್ಳು, ಅಗಸಿ, ಕುಸುಬಿ ಧಾರಾಳವಾಗಿ ಬಳಸಿ. ಟೊಮ್ಯಾಟೊ, ಆಲೂಗಡ್ಡೆ ಹತ್ತಿರವೂ ಬರಬಾರದು.

ಬಸವಕಲ್ಯಾಣ ಕೋಟೆಯ ಗೋಡೆಯ ಮೇಲೆ ನಾಯಕಿಯನ್ನು ನಿಲ್ಲಿಸುವ ಆಸೆಯೂ ಆಗುತ್ತದೆ. ಈಗ ಕಾಣುವುದರಲ್ಲಿ ಬಹಳಷ್ಟು ಆಮೇಲಿನ ಸುಲ್ತಾನರ ಕಾಲದ್ದು. ಬೀದರ್ ನೌಬಾದಿನ ಸುರಂಗ ಬಾವಿಯೂ ಬಹಮನಿಗಳದು, 15ನೇ ಶತಮಾನದ್ದು. ಆ ಸುರಂಗದ ಕತ್ತಲಲ್ಲಿ ಒಂದು ಪ್ರೇಮಕಥೆ ಬೇಕಾದರೆ ಬೇರೆ ಕಾದಂಬರಿ ಬರೆಯಿರಿ. ಮಾತುಕತೆಯಲ್ಲಿ ಜಲ್ದಿ, ಜರೂರ ಎಂಬಂಥ ಆಮೇಲೆ ಬಂದ ಪದಗಳು ಬೇಡ. ಹಾಗೆಂದು ಹಳಗನ್ನಡವೂ ಬೇಡ. ವಚನಗಳ ಸರಳ ವಾಕ್ಯವೇ ನಮಗೆ ಅಳತೆ.

[ದೃಶ್ಯ: ಮೇಜು, ಹಸ್ತಪ್ರತಿ. ನಿರೂಪಕಿ ಓದುತ್ತಾರೆ]

ಈಗ ಒಂದು ತುಣುಕು. ಗುಡಿಗೆ ಎಣ್ಣೆ ಕೊಡುವುದು ಇನ್ನೂ ನಿಂತಿಲ್ಲದ ದಿನಗಳು.

"ಮಾಳವ್ವೆ ಗಡಿಗೆ ಬಗ್ಗಿಸಿದಳು. ಸೊಲ್ಲಗೆ ತುಂಬಿತು. ಕೇತಯ್ಯ ಅಂಚಿನ ಮೇಲೆ ಬೆರಳು ಆಡಿಸಿ ಮಟ್ಟ ನೋಡಿದ. ಬೆರಳಿಗೆ ಹತ್ತಿದ್ದನ್ನು ಒರೆಸಿಕೊಳ್ಳದೆ ಅವಳ ಗಡಿಗೆಯ ಬಾಯಿಗೇ ಇಳಿಸಿದ.

'ಒಂದು ಹನಿ, ಸೇನಬೋವರೇ.'

'ನಿಮ್ಮದು ನಿಮಗೆ.'

'ಗುಡಿಯ ಲೆಕ್ಕಕ್ಕೆ ಕಡಿಮೆ ಬಿದ್ದರೆ?'

'ಲೆಕ್ಕ ಬರೆಯುವವನು ನಾನೇ ಅಲ್ಲವೇ?'

ಅವಳು ತಲೆ ಎತ್ತಲಿಲ್ಲ. 'ನನಗೆ ಅದೇ ಭಯ' ಎಂದಳು."

ಕಣ್ಣಿನ ವರ್ಣನೆ ಇಲ್ಲ, ಮುಟ್ಟುವುದೂ ಇಲ್ಲ. ಈ ಬಗೆಯ ಕಥೆಗಳಲ್ಲಿ ಮಲಗುವ ಕೋಣೆಯ ಬಾಗಿಲು ಮುಚ್ಚಿಯೇ ಇರುತ್ತದೆ. ಆಗ ಬರೆಯುವವರ ಕೆಲಸ ಜಾಸ್ತಿ. ಹತ್ತಿರವಾಗುವುದನ್ನು ವಸ್ತುಗಳಿಂದಲೇ ತೋರಿಸಬೇಕು. ಇಲ್ಲಿ ಒಂದು ಹನಿ ಎಣ್ಣೆ ಇದೆ. ಅವನ ಪ್ರೀತಿ ಎಂಥದ್ದು ಎಂದೂ ಗೊತ್ತಾಗುತ್ತದೆ: ಅವಳಿಗಾಗಿ ಲೆಕ್ಕ ಬಗ್ಗಿಸಲು ತಯಾರಿರುವ ಪ್ರೀತಿ. ಅವಳಿಗೆ ಬೇಡವಾದದ್ದೂ ಅದೇ.

ಮುಂದೆ ಎಣ್ಣೆ ನಿಂತಾಗ ಕೇತಯ್ಯ ಬಾಕಿ ಬರೆಯುವುದಿಲ್ಲ. 'ಸಂದಿದೆ' ಎಂದು ಸುಳ್ಳು ಬರೆಯುತ್ತಾನೆ. ಗಾಣ ಉಳಿಯಿತು, ಯಾರಿಗೂ ಗೊತ್ತಾಗಲಿಲ್ಲ. ಆದರೆ ಮಾಳವ್ವೆಗೆ ಓದು ಬರುತ್ತದಲ್ಲ! ಓಲೆ ಕಣ್ಣಿಗೆ ಬಿತ್ತು. ಅವಳು ಕೃತಜ್ಞತೆಯಿಂದ ಕರಗುವುದಿಲ್ಲ. ಅಪ್ಪ ನಂಬಿಕೆಗಾಗಿ ಎಣ್ಣೆ ನಿಲ್ಲಿಸಿದ. ನೀವು ಅದನ್ನು ಸುಳ್ಳು ಮಾಡಿದಿರಿ. ನಿಜ ಬರೆಯಿರಿ, ಗಾಣ ಹೋದರೆ ಹೋಗಲಿ ಎನ್ನುತ್ತಾಳೆ. ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದದ್ದನ್ನು ಅಳಿಸಲಾಗುವುದಿಲ್ಲ. ಹೊಸ ಗರಿ ತಂದು ಮತ್ತೆ ಬರೆಯಬೇಕು. ಇದೇ ಕಾದಂಬರಿಯ ನಡುಕಂಬ. ಭಕ್ತಿ ತೆಗೆದರೆ ಈ ಕಂಬವೇ ಇಲ್ಲ.

ಇಲ್ಲಿಂದ ಮುಂದೆ ಅನೇಕರು ಜಾರುವ ಜಾಗ ಬರುತ್ತದೆ. ನಾಯಕ ಲಿಂಗದೀಕ್ಷೆ ಪಡೆದ, ಕೂಡಲೇ ನಾಯಕಿ ಮದುವೆಗೆ ಒಪ್ಪಿದಳು. ಇದು ನನಗೆ ಸುತರಾಂ ಒಗ್ಗದು. ಹೆಣ್ಣು ಸಿಗುತ್ತಾಳೆ ಎಂದು ಬಂದ ಭಕ್ತಿಯನ್ನು ಶರಣರೇ ಒಪ್ಪುತ್ತಿರಲಿಲ್ಲ. ಹಾಗಾಗಿ ಕೇತಯ್ಯ ಬದಲಾಗುವುದು ಅವಳು ಸಿಗುವುದಿಲ್ಲ ಎಂದು ಖಾತ್ರಿಯಾದ ಮೇಲೆ. ಗಾಣಿಗನ ಮನೆಯವರು ಊರು ಬಿಡಲು ಗಂಟು ಕಟ್ಟಿದ್ದಾರೆ. ಅವನಿಗೆ ಯಾವ ಲಾಭವೂ ಇಲ್ಲ. ಆ ರಾತ್ರಿ ಕುಳಿತು ಹೊಸ ಗರಿಯಲ್ಲಿ ನಿಜ ಬರೆಯುತ್ತಾನೆ, ಬೆಳಿಗ್ಗೆ ಸೇನಬೋವಿಕೆ ಬಿಡುತ್ತಾನೆ. ಯಾರಿಗೂ ಹೇಳುವುದಿಲ್ಲ. ಅವಳಿಗೆ ತಿಳಿಯುವುದು ಬಹಳ ಪುಟಗಳ ನಂತರ, ಬೇರೆಯವರ ಬಾಯಿಂದ.

ಉಪದೇಶದ ಭಾಷಣಗಳಿಗೂ ಇದೇ ಔಷಧಿ. ಪಾತ್ರ ಏನು ಕಳೆದುಕೊಂಡಿತು ಎಂದು ತೋರಿಸಿ, ಬೋಧನೆ ತಾನಾಗೇ ಕಡಿಮೆಯಾಗುತ್ತದೆ. ನಾನು ಬೆಳಗಿನ ಜಾವ ಬರೆದದ್ದನ್ನು ಆಮೇಲೆ ಗಟ್ಟಿಯಾಗಿ ಓದುತ್ತೇನೆ. ಎಲ್ಲಿ ನನ್ನ ದನಿ ಪ್ರವಚನಕಾರರ ಹಾಗೆ ಏರುತ್ತದೋ ಅಲ್ಲಿ ಗೆರೆ ಎಳೆಯುತ್ತೇನೆ. (ಜಾವವೇ ಯಾಕೆ ಎಂದು ಕೇಳಬೇಡಿ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಯಾರಿಗೂ ಪ್ರೇಮದ ದೃಶ್ಯ ಹೊಳೆಯುವುದಿಲ್ಲ.)

[ದೃಶ್ಯ: ನಕ್ಷೆ, ಬಸವಕಲ್ಯಾಣದಿಂದ ಉಳವಿಗೆ ಗೆರೆ]

ಇನ್ನು ಸುಖಾಂತ. ಹೊರಗೆ ಕಲ್ಯಾಣ ಉರಿಯುತ್ತಿದೆ, ಒಳಗೆ ಇವರಿಬ್ಬರ ಮದುವೆ ಎಂದರೆ ಓದುಗರು ಬೈಯುತ್ತಾರೆ, ಬೈಯಬೇಕು ಕೂಡ. ಆ ದುರಂತ ಕಥೆಯೊಳಗೂ ಬರಬೇಕು. ನನ್ನ ಕಥೆಯಲ್ಲಿ ಗಾಣಿಗ ಸಾಯುತ್ತಾನೆ. ಇದನ್ನು ಬರೆಯಲು ಮನಸ್ಸು ಬರಲಿಲ್ಲ, ಆದರೂ ಬರೆದೆ. ಯಾರೂ ಸಾಯದೆ ಎಲ್ಲರೂ ಪಾರಾದರೆ ನಿಜವಾಗಿ ಸತ್ತವರಿಗೆ ಮೋಸ ಮಾಡಿದ ಹಾಗೆ.

ಉಳವಿಯ ಕಡೆ ಹೊರಟವರ ಗುಂಪಿನಲ್ಲಿ ಮಾಳವ್ವೆ ಇದ್ದಾಳೆ. ವಚನದ ಕಟ್ಟುಗಳನ್ನು ಉಳಿಸಬೇಕು, ನಕಲು ಮಾಡಬೇಕು, ಕೈ ಬೇಕು. ಬರೆಯಬಲ್ಲವನು ಯಾರು? ಸುಳ್ಳು ಲೆಕ್ಕ ಬರೆದ ಅದೇ ಕೈ. ಅವನನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಗುಂಪಿನಲ್ಲಿ ವಾದ ಹತ್ತುತ್ತದೆ. ಆಗಲೇ ಆ ಹೊಸ ಗರಿಯ ವಿಷಯ ಹೊರಬೀಳುವುದು. ಇಬ್ಬರೂ ಉಳವಿಯವರೆಗೆ ಹೋಗುವುದಿಲ್ಲ. ದಾರಿಯ ಒಂದು ಹಳ್ಳಿಯಲ್ಲಿ ಗಾಣ ಹೂಡುತ್ತಾರೆ. ಅಲ್ಲಿ ಅವಳು ಅಳೆಯುತ್ತಾಳೆ, ಅವನು ಬರೆಯುತ್ತಾನೆ.

ಕೊನೆಗೆ ಮೂರು ಕಟ್ಟುನಿಟ್ಟಿನ ನಿಯಮ. ಬಸವಣ್ಣನವರ ಬಾಯಲ್ಲಿ ನಾನು ಕಟ್ಟಿದ ಮಾತು ಹಾಕುವುದಿಲ್ಲ. ಕಾದಂಬರಿಯಲ್ಲಿ ಅವರು ದೂರದಿಂದ ಕಾಣುತ್ತಾರೆ ಅಷ್ಟೇ. ಅವರನ್ನು ಇವತ್ತಿಗೂ ಮನೆಯಲ್ಲಿ ಪೂಜಿಸುವವರು ಈ ಪುಸ್ತಕ ಓದುತ್ತಾರೆ. ಮಾಳವ್ವೆಯಿಂದ ಒಂದು ವಚನ ಬರೆಸುವುದಾದರೆ, ಅವಳ ಅಂಕಿತ ಈಗಾಗಲೇ ಇರುವ ಯಾವ ಶರಣ, ಶರಣೆಯರದೂ ಆಗಿರಬಾರದು. ಕರ್ನಾಟಕ ಸರ್ಕಾರ ತಂದ ಸಮಗ್ರ ವಚನ ಸಂಪುಟದ 15 ಸಂಪುಟಗಳಿವೆ, ಅದರಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಿ. ಪುಸ್ತಕದ ಹಿಂದೆ ಲೇಖಕರ ಮಾತು ಇರಲಿ: ಎಳೆಹೂಟೆ ಪರಂಪರೆ ಹೇಳಿದ್ದು, ಗಾಣಿಗನ ಮನೆ ನಾನು ಕಟ್ಟಿದ್ದು ಎಂದು ನೇರವಾಗಿ ಬರೆಯಿರಿ.

ಮುಂದಿನ ವಿಡಿಯೋದಲ್ಲಿ ಇಂಥ ಕಾದಂಬರಿಯ ಮಾತುಕತೆಯನ್ನೇ ಹಿಡಿದುಕೊಂಡು ಕೂರೋಣ. ಒಂದು ಪುಟ ಸಂಭಾಷಣೆ ಬರೆದಿಟ್ಟುಕೊಂಡು ಬನ್ನಿ, ಸಣ್ಣ ಪಾತ್ರದ್ದೇ ಆಗಲಿ. ಎತ್ತು ಹೊಡೆಯುವ ಹುಡುಗನಾದರೂ ಅಡ್ಡಿಯಿಲ್ಲ.